ವೈ-ಫೈ ಮೆಮೊರಿ ಕಾರ್ಡ್

ವೈ-ಫೈ ಮೆಮೊರಿ ಕಾರ್ಡ್ ಎಂಬುದು ಚಿತ್ರಗಳನ್ನು ಸಂಗ್ರಹಿಸುವ ಫ್ಲಾಶ್ ಮೆಮೊರಿಯ ಜೊತೆಗೆ ಒಂದು ಕಿರಿದಾದ ನಿಸ್ತಂತು ಘಟಕವನ್ನೂ ಒಳಗೊಂಡಿರುವ ಮೆಮೊರಿ ಕಾರ್ಡ್. ವೈ-ಫೈ ಸೌಲಭ್ಯವಿಲ್ಲದ ಹಳೆಯ ಡಿಜಿಟಲ್ ಕ್ಯಾಮೆರಾಗಳಿಂದ ಕೇಬಲ್ ಅಥವಾ ಕಾರ್ಡ್ ರೀಡರ್ ಇಲ್ಲದೆ ಚಿತ್ರಗಳನ್ನು ಗಣಕಯಂತ್ರಕ್ಕೆ, ಮೊಬೈಲ್‌ಗೆ ಅಥವಾ ಅಂತರಜಾಲಕ್ಕೆ ಕಳುಹಿಸಲು ಇದನ್ನು ಬಳಸಲಾಗುತ್ತದೆ. ಸಾಮಾನ್ಯವಾಗಿ ಇದು ಎಸ್‌ಡಿ ಕಾರ್ಡ್‌ನ ರೂಪದಲ್ಲಿರುತ್ತದೆ. ಐ-ಫೈ ಮತ್ತು ತೋಷಿಬಾದ ಫ್ಲಾಶ್‌ಏರ್ ಈ ಬಗೆಯ ಪ್ರಮುಖ ಉತ್ಪನ್ನಗಳು.

ಹಿನ್ನೆಲೆ

ಡಿಜಿಟಲ್ ಕ್ಯಾಮೆರಾದಲ್ಲಿ ನಿಸ್ತಂತು ವರ್ಗಾವಣೆ ಮೊದಲು ವೃತ್ತಿಪರ ಛಾಯಾಗ್ರಾಹಕರಿಗೆ ದೊರೆಯಿತು. 2003ರಲ್ಲಿ ಪ್ರಕಟವಾದ ನಿಕಾನ್ ಡಿ2ಎಚ್ ಕ್ಯಾಮೆರಾಕ್ಕೆ ಡಬ್ಲ್ಯೂಟಿ-1 ಎಂಬ ಪ್ರತ್ಯೇಕ ಪ್ರಸಾರಕವನ್ನು ಜೋಡಿಸಬಹುದಾಗಿತ್ತು. ಕ್ಯಾನನ್ ಕೂಡ ತನ್ನ ವೃತ್ತಿಪರ ಮಾದರಿಗಳಿಗೆ ಡಬ್ಲ್ಯೂಎಫ್‌ಟಿ ಸರಣಿಯ ಪ್ರಸಾರಕಗಳನ್ನು ತಂದಿತು. 2005ರಲ್ಲಿ ನಿಕಾನ್ ಕೂಲ್‌ಪಿಕ್ಸ್ ಪಿ1, ಕೊಡ್ಯಾಕ್ ಈಸಿಶೇರ್-ಒನ್ ಮೊದಲಾದ ಕೆಲವೇ ಸಾಮಾನ್ಯ ಕ್ಯಾಮೆರಾಗಳಲ್ಲಿ ವೈ-ಫೈ ಕಾಣಿಸಿಕೊಂಡಿತು. ಆ ಕಾಲದ ಬಹುಪಾಲು ಕ್ಯಾಮೆರಾಗಳಲ್ಲಿ ಈ ಸೌಲಭ್ಯವಿರಲಿಲ್ಲ. ಉತ್ತಮ ಮಸೂರ ಮತ್ತು ಸಂವೇದಕವಿದ್ದ ಕ್ಯಾಮೆರಾವನ್ನು ಕೇವಲ ಚಿತ್ರ ಕಳುಹಿಸುವ ಅನುಕೂಲಕ್ಕಾಗಿ ಬದಲಿಸುವುದು ದುಬಾರಿಯಾಗಿತ್ತು. ಎಲ್ಲ ಕ್ಯಾಮೆರಾಗಳಲ್ಲಿಯೂ ಇರುವ ಮೆಮೊರಿ ಕಾರ್ಡ್‌ನಲ್ಲಿಯೇ ಪ್ರಸಾರಕವನ್ನು ಅಡಗಿಸುವ ವಿಚಾರ ಈ ಹಿನ್ನೆಲೆಯಲ್ಲಿ ರೂಪುಗೊಂಡಿತು.

ರಚನೆ ಮತ್ತು ಕಾರ್ಯವಿಧಾನ

ಎಸ್‌ಡಿ ಕಾರ್ಡ್‌ನ ಅಳತೆ 32 ಮಿ.ಮೀ. ಉದ್ದ, 24 ಮಿ.ಮೀ. ಅಗಲ ಮತ್ತು 2.1 ಮಿ.ಮೀ. ದಪ್ಪ. ವೈ-ಫೈ ಕಾರ್ಡ್‌ನಲ್ಲಿ ಈ ಅಳತೆಯೊಳಗೆ ಫ್ಲಾಶ್ ಮೆಮೊರಿ, ನಿಯಂತ್ರಕ, ರೇಡಿಯೋ ಚಿಪ್ ಮತ್ತು ಆಂಟೆನಾ ಇರುತ್ತವೆ. ಇವೆಲ್ಲಕ್ಕೂ ಬೇಕಾದ ವಿದ್ಯುತ್ತು ಕ್ಯಾಮೆರಾದ ಬ್ಯಾಟರಿಯಿಂದಲೇ ಬರುತ್ತದೆ.

ಹಳೆಯ ಕ್ಯಾಮೆರಾಕ್ಕೆ ತನ್ನೊಳಗೆ ಪ್ರಸಾರಕವೊಂದಿದೆ ಎಂಬುದು ತಿಳಿದಿರುವುದಿಲ್ಲ. ಅದು ಎಂದಿನಂತೆ ಕಾರ್ಡ್‌ನ ಡಿಸಿಐಎಂ ಫೋಲ್ಡರ್‌ನಲ್ಲಿ ಚಿತ್ರದ ಕಡತವನ್ನು ಬರೆಯುತ್ತದೆ. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಒಂದೇ ಬಗೆಯ ಫೋಲ್ಡರ್ ಮತ್ತು ಕಡತದ ಹೆಸರುಗಳನ್ನು ಬಳಸುವುದಕ್ಕೆ 1998ರಲ್ಲಿ ಜಪಾನಿನಲ್ಲಿ ರೂಪಿಸಲಾದ ಡಿಸಿಎಫ್ ಮಾನಕ ಕಾರಣ. ಕಾರ್ಡ್ ಈ ಫೋಲ್ಡರ್‌ಗಳನ್ನು ಗಮನಿಸುತ್ತ, ಹೊಸ ಕಡತ ಪೂರ್ಣಗೊಂಡ ಮೇಲೆ ಅದನ್ನು ಜಾಲದ ಮೂಲಕ ರವಾನಿಸುತ್ತದೆ ಅಥವಾ ಮೊಬೈಲ್‌ನ ಕೋರಿಕೆಗೆ ಉತ್ತರವಾಗಿ ನೀಡುತ್ತದೆ.

ಕ್ಯಾಮೆರಾದ ಮೆನುವಿನಲ್ಲಿ ವೈ-ಫೈ ಆಯ್ಕೆ ಇಲ್ಲದಿರುವುದರಿಂದ ಬಳಕೆದಾರರು ಕಾರ್ಡ್‌ಗೆ ಸೂಚನೆ ನೀಡುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರವೆಂದರೆ ಚಿತ್ರ ಅಳಿಸಿಹೋಗದಂತೆ ಕಾಯುವ 'ಪ್ರೊಟೆಕ್ಟ್' ಗುಂಡಿ. ಈ ಗುಂಡಿಯನ್ನು ಒತ್ತಿದಾಗ ಕ್ಯಾಮೆರಾ ಆ ಕಡತಕ್ಕೆ 'ಓದಲು ಮಾತ್ರ' ಎಂಬ ಗುರುತನ್ನು ಹಾಕುತ್ತದೆ. ಆ ಗುರುತನ್ನು ಕಾರ್ಡ್ ಓದಬಲ್ಲದು. ಐ-ಫೈ ಕಾರ್ಡ್‌ನಲ್ಲಿ ಹೀಗೆ ಗುರುತಿಸಿದ ಚಿತ್ರಗಳನ್ನು ಮಾತ್ರ ಕಳುಹಿಸುವ ವ್ಯವಸ್ಥೆಯಿತ್ತು. ಫ್ಲಾಶ್‌ಏರ್‌ನಲ್ಲಿ ಮೊದಲೇ ಇರಿಸಲಾದ ಒಂದು ನಿಯಂತ್ರಣ ಚಿತ್ರದ ರಕ್ಷಣೆಯ ಗುರುತನ್ನು ಬದಲಿಸಿ ವೈ-ಫೈಯನ್ನು ಚಾಲನೆಗೊಳಿಸಬಹುದು.

ಕಾರ್ಡ್‌ನಲ್ಲಿನ ಕಡತಗಳ ಪಟ್ಟಿಯನ್ನು ನಿರ್ವಹಿಸುವ ಹೊಣೆ ಕ್ಯಾಮೆರಾದ್ದು. ಕ್ಯಾಮೆರಾಕ್ಕೆ ತಿಳಿಯದಂತೆ ಕಾರ್ಡ್ ಅಥವಾ ಮೊಬೈಲ್ ಆ ಪಟ್ಟಿಯನ್ನು ಬದಲಿಸಿದರೆ ಎರಡೂ ಕಡೆಯ ಲೆಕ್ಕ ತಾಳೆಯಾಗದೆ ಚಿತ್ರಗಳು ನಷ್ಟವಾಗಬಹುದು. ಆದ್ದರಿಂದ ಜಾಲದ ಕಡೆಯಿಂದ ಚಿತ್ರಗಳನ್ನು ಓದುವುದು ಸುರಕ್ಷಿತ, ಬರೆಯುವುದು ಅಪಾಯಕರ. ಫ್ಲಾಶ್‌ಏರ್‌ಗೆ ಜಾಲದ ಮೂಲಕ ಕಡತ ಸೇರಿಸುವ ಮೊದಲು ಕ್ಯಾಮೆರಾ ಬರೆಯದಂತೆ ತಡೆಯುವ ಆದೇಶವನ್ನು ನೀಡಬೇಕಾಗಿರುವುದು ಈ ಕಾರಣದಿಂದಲೇ.

ಇತಿಹಾಸ

ಅಮೆರಿಕದ ಕ್ಯಾಲಿಫೋರ್ನಿಯಾದ ಐ-ಫೈ ಕಂಪನಿಯು 2007ರಲ್ಲಿ ತನ್ನ ಮೊದಲ 2 ಗಿಗಾಬೈಟ್ ಕಾರ್ಡನ್ನು ಸುಮಾರು 100 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. 2008ರ ಎಕ್ಸ್‌ಪ್ಲೋರ್ ಮಾದರಿಯು ಸುತ್ತಲಿನ ವೈ-ಫೈ ಜಾಲಗಳ ಆಧಾರದ ಮೇಲೆ ಚಿತ್ರ ತೆಗೆದ ಸ್ಥಳವನ್ನು ಗುರುತಿಸುತ್ತಿತ್ತು. 2009ರ ಪ್ರೊ ಮಾದರಿಯಲ್ಲಿ ರಾ ಕಡತಗಳನ್ನು ಕಳುಹಿಸುವ ಸೌಲಭ್ಯ ಸೇರಿತು. 2010ರಲ್ಲಿ ಎಕ್ಸ್2 ಸರಣಿ, 2013ರಲ್ಲಿ ಮೊಬೈಲ್‌ಗೆ ನೇರವಾಗಿ ಚಿತ್ರ ಕಳುಹಿಸುವ ಮೊಬಿ ಮಾದರಿ ಬಂದವು.

2012ರ ಜನವರಿಯಲ್ಲಿ ಎಸ್‌ಡಿ ಅಸೋಸಿಯೇಷನ್ ನಿಸ್ತಂತು ಎಸ್‌ಡಿ ಕಾರ್ಡ್‌ಗಳಿಗಾಗಿ ಮಾನಕವೊಂದನ್ನು ಪ್ರಕಟಿಸಿತು. ಅದೇ ವರ್ಷ ತೋಷಿಬಾದ ಫ್ಲಾಶ್‌ಏರ್ ಬಿಡುಗಡೆಯಾಯಿತು. ಟ್ರಾನ್ಸೆಂಡ್ ಮುಂತಾದ ತಯಾರಕರೂ ಇಂಥ ಕಾರ್ಡ್‌ಗಳನ್ನು ಹೊರತಂದರು. ಟ್ರಾನ್ಸೆಂಡ್ ಕಾರ್ಡ್‌ನೊಳಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರುವುದನ್ನು 2013ರಲ್ಲಿ ಹವ್ಯಾಸಿ ತಂತ್ರಜ್ಞರು ಪತ್ತೆಹಚ್ಚಿದರು. 2016ರಲ್ಲಿ ಕ್ಯಾನನ್ ಕಂಪನಿಯು ವೈ-ಫೈ ಇಲ್ಲದ ತನ್ನ ಇಒಎಸ್ 7ಡಿ ಮಾರ್ಕ್ 2 ಮತ್ತು 5ಡಿಎಸ್ ಕ್ಯಾಮೆರಾಗಳಿಗಾಗಿ ಡಬ್ಲ್ಯೂ-ಇ1 ಎಂಬ ಕಾರ್ಡನ್ನು ಪ್ರಕಟಿಸಿತು. ಸ್ಮಾರ್ಟ್‌ಫೋನ್‌ಗಳ ಪ್ರಸಾರ ಹೆಚ್ಚಿ, ಹೊಸ ಕ್ಯಾಮೆರಾಗಳಲ್ಲಿ ವೈ-ಫೈ ಸಾಮಾನ್ಯವಾದಂತೆ ಈ ಕಾರ್ಡ್‌ಗಳ ಬೇಡಿಕೆ ಕುಗ್ಗಿತು.

ಸೇವೆಯ ಸ್ಥಗಿತ

ಐ-ಫೈ ಎಕ್ಸ್2 ಮತ್ತು ಅದಕ್ಕಿಂತ ಹಿಂದಿನ ಕಾರ್ಡ್‌ಗಳ ಹೊಂದಾಣಿಕೆಗಳು ಕಂಪನಿಯ ಸರ್ವರ್‌ನಲ್ಲಿದ್ದ ಬಳಕೆದಾರರ ಖಾತೆಯನ್ನು ಅವಲಂಬಿಸಿದ್ದವು. 2016ರ ಸೆಪ್ಟೆಂಬರ್ 16ರಿಂದ ಈ ಕಾರ್ಡ್‌ಗಳಿಗೆ ಬೆಂಬಲವನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಖಾತೆಗೆ ಪ್ರವೇಶಿಸಲು ಸಾಧ್ಯವಾಗದಿದ್ದರೆ ಕಾರ್ಡ್‌ಗೆ ಹೊಸ ವೈ-ಫೈ ಜಾಲವನ್ನು ಪರಿಚಯಿಸುವುದೂ ಅಸಾಧ್ಯವಾಗುತ್ತಿತ್ತು. ಯಂತ್ರಾಂಶದಲ್ಲಿ ಯಾವ ದೋಷವೂ ಇಲ್ಲದ ಕಾರ್ಡ್‌ಗಳು ಕೇವಲ ಸಂಗ್ರಹ ಸಾಧನಗಳಾಗಿ ಉಳಿಯುವ ಸ್ಥಿತಿ ಉಂಟಾದುದರಿಂದ ಬಳಕೆದಾರರು ಅಸಮಾಧಾನ ವ್ಯಕ್ತಪಡಿಸಿದರು. ಬಳಿಕ ಸರ್ವರ್‌ನ ನೆರವಿಲ್ಲದೆ ಎಕ್ಸ್2 ಕಾರ್ಡ್‌ಗಳನ್ನು ಸೀಮಿತವಾಗಿ ಹೊಂದಿಸಲು ನೆರವಾಗುವ ತಂತ್ರಾಂಶವೊಂದನ್ನು ಕಂಪನಿ ಒದಗಿಸಿತು.

ಫ್ಲಾಶ್‌ಏರ್‌ನ ವಿನ್ಯಾಸ ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಜಾಲಪುಟಗಳನ್ನು ಒದಗಿಸುವ ಕಿರು ಸರ್ವರ್ ಕಾರ್ಡ್‌ನೊಳಗೇ ಇದೆ. ಮೊಬೈಲನ್ನು ಕಾರ್ಡ್‌ನ ವೈ-ಫೈಗೆ ಜೋಡಿಸಿ, ಸಾಮಾನ್ಯ ಬ್ರೌಸರ್‌ನಲ್ಲಿ ಅದರ ವಿಳಾಸ ತೆರೆದರೆ ಚಿತ್ರಗಳು ಕಾಣುತ್ತವೆ. ಕಾರ್ಡ್‌ಗೆ ನೀಡಬಹುದಾದ ಆದೇಶಗಳನ್ನೂ ತಯಾರಕರು ಬಹಿರಂಗಪಡಿಸಿದ್ದರಿಂದ ಇತರರು ಅದಕ್ಕೆ ತಂತ್ರಾಂಶ ಬರೆಯಲು ಸಾಧ್ಯವಾಯಿತು. ಅಂತರಜಾಲ ಸೇವೆಯನ್ನು ಅವಲಂಬಿಸಿದ ಸಾಧನದ ಆಯುಷ್ಯ ಆ ಸೇವೆಯ ಆಯುಷ್ಯಕ್ಕೆ ಸೀಮಿತವಾಗುತ್ತದೆ ಎಂಬುದನ್ನು ಈ ಎರಡು ಕಾರ್ಡ್‌ಗಳ ಹೋಲಿಕೆ ತೋರಿಸುತ್ತದೆ.

ಮಿತಿಗಳು

* ಹೊಂದಾಣಿಕೆ: ಮೂಲ ಎಸ್‌ಡಿ ಕಾರ್ಡ್‌ಗಳ ಗರಿಷ್ಠ ಸಾಮರ್ಥ್ಯ 2 ಗಿಗಾಬೈಟ್. 4ರಿಂದ 32 ಗಿಗಾಬೈಟ್‌ವರೆಗಿನ ಎಸ್‌ಡಿಎಚ್‌ಸಿ ಮಾನಕ 2006ರಲ್ಲಿ ಬಂದುದರಿಂದ, ಅದಕ್ಕಿಂತ ಹಳೆಯ ಅನೇಕ ಕ್ಯಾಮೆರಾಗಳು 8 ಗಿಗಾಬೈಟ್‌ನ ವೈ-ಫೈ ಕಾರ್ಡನ್ನು ಗುರುತಿಸುವುದಿಲ್ಲ.
* ಕಾಂಪ್ಯಾಕ್ಟ್‌ಫ್ಲಾಶ್ ಕ್ಯಾಮೆರಾಗಳು: ಇವುಗಳಲ್ಲಿ ಎಸ್‌ಡಿ ಕಾರ್ಡ್ ಬಳಸಲು ಅಡಾಪ್ಟರ್ ಬೇಕು. ಇಂಥ ಅಡಾಪ್ಟರ್‌ಗಳಲ್ಲಿ ಹಲವು 5 ಮಿ.ಮೀ. ದಪ್ಪದ ಎರಡನೆಯ ಬಗೆಯವಾದುದರಿಂದ 3.3 ಮಿ.ಮೀ. ಕಿಂಡಿಯಿರುವ ಕ್ಯಾಮೆರಾಗಳಲ್ಲಿ ಹಿಡಿಸುವುದಿಲ್ಲ.
* ಸಂಕೇತದ ದುರ್ಬಲತೆ: ಲೋಹದ ಕವಚ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಕವಚದ ಕ್ಯಾಮೆರಾಗಳಲ್ಲಿ ವ್ಯಾಪ್ತಿ ಹೆಚ್ಚು.
* ವಿದ್ಯುತ್ತು: ವರ್ಗಾವಣೆ ಮುಗಿಯುವ ಮುನ್ನ ಕ್ಯಾಮೆರಾ ತಾನಾಗಿ ಆಫ್ ಆದರೆ ಕಾರ್ಡ್‌ಗೂ ವಿದ್ಯುತ್ತು ನಿಲ್ಲುತ್ತದೆ. ಆಫ್ ಆಗುವ ಅವಧಿಯನ್ನು ಹೆಚ್ಚಿಸಬೇಕಾಗುತ್ತದೆ; ಆಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ.
* ವೇಗ: ಸೆಕೆಂಡಿಗೆ 1 ಮೆಗಾಬೈಟ್ ಸಾಗುತ್ತದೆ ಎಂದುಕೊಂಡರೆ 4 ಮೆಗಾಬೈಟ್‌ನ ಜೆಪೆಗ್ ಚಿತ್ರಕ್ಕೆ 4 ಸೆಕೆಂಡು, 24 ಮೆಗಾಬೈಟ್‌ನ ರಾ ಕಡತಕ್ಕೆ 24 ಸೆಕೆಂಡು ಬೇಕು. ಹೀಗಾಗಿ ರಾ ಕಡತವನ್ನು ಕಾರ್ಡ್‌ನಲ್ಲಿಯೇ ಉಳಿಸಿಕೊಂಡು, ಜತೆಗಿರುವ ಸಣ್ಣ ಜೆಪೆಗ್ ಚಿತ್ರವನ್ನು ಮಾತ್ರ ಕಳುಹಿಸುವ ಪದ್ಧತಿಯಿದೆ.

ಸುರಕ್ಷತೆ

ಕಾರ್ಡ್ ತಾನೇ ವೈ-ಫೈ ಜಾಲವನ್ನು ನಿರ್ಮಿಸುವಾಗ ಸಮೀಪದಲ್ಲಿರುವ ಇತರರೂ ಅದನ್ನು ಕಾಣಬಹುದು. ಕೆಲವು ಕಾರ್ಡ್‌ಗಳು 12345678ರಂತಹ ಸುಲಭ ಗುಪ್ತಪದದೊಂದಿಗೆ ಮಾರಾಟವಾಗಿದ್ದವು. ಬಳಕೆಯ ಮೊದಲೇ ಜಾಲದ ಹೆಸರನ್ನೂ ಗುಪ್ತಪದವನ್ನೂ ಬದಲಿಸದಿದ್ದರೆ ಖಾಸಗಿ ಚಿತ್ರಗಳು ಅಪರಿಚಿತರ ಕೈಗೆ ಸಿಗುವ ಸಾಧ್ಯತೆಯಿದೆ.

ಪರ್ಯಾಯ ವಿಧಾನಗಳು

ಕಾರ್ಡ್ ಬದಲು ಕ್ಯಾಮೆರಾದ ಯುಎಸ್‌ಬಿ ಕಿಂಡಿಯನ್ನೂ ಬಳಸಬಹುದು. ಅನೇಕ ಕ್ಯಾಮೆರಾಗಳು ಚಿತ್ರ ವರ್ಗಾವಣೆಗೆ ಪಿಟಿಪಿ ಎಂಬ ಅಂತರರಾಷ್ಟ್ರೀಯ ಶಿಷ್ಟಾಚಾರವನ್ನು ಅನುಸರಿಸುತ್ತವೆ. ರಾಸ್ಪ್‌ಬೆರಿ ಪೈ ಮುಂತಾದ ಕಿರು ಗಣಕಯಂತ್ರವನ್ನು ಕೇಬಲ್ ಮೂಲಕ ಕ್ಯಾಮೆರಾಕ್ಕೆ ಜೋಡಿಸಿ, ಜಿಫೋಟೋ2 ಎಂಬ ಮುಕ್ತ ತಂತ್ರಾಂಶದಿಂದ ಚಿತ್ರಗಳನ್ನು ಪಡೆದು ವೈ-ಫೈ ಮೂಲಕ ಕಳುಹಿಸಬಹುದು. ಕ್ಯಾಮೆರಾ ಪಿಟಿಪಿ ಮೂಲಕ ದೂರನಿಯಂತ್ರಣಕ್ಕೆ ಅವಕಾಶ ನೀಡಿದರೆ ಶಟರ್ ಕೂಡ ಇದರಿಂದಲೇ ಚಾಲಿತವಾಗುತ್ತದೆ. ಸ್ಥಳದಲ್ಲಿಯೇ ಚಿತ್ರಗಳು ಬೇಕಾದರೆ ಮೊಬೈಲ್‌ಗೆ ನೇರವಾಗಿ ಸಿಕ್ಕಿಸುವ ಕಾರ್ಡ್ ರೀಡರ್ ಅತ್ಯಂತ ಸರಳ ಮಾರ್ಗ. ಅದು ನಿಸ್ತಂತುವಲ್ಲದಿದ್ದರೂ ಯಾವುದೇ ಖಾತೆಯನ್ನಾಗಲಿ ಸರ್ವರನ್ನಾಗಲಿ ಅವಲಂಬಿಸುವುದಿಲ್ಲ.

ಇವನ್ನೂ ನೋಡಿ

* ಎಸ್‌ಡಿ ಕಾರ್ಡ್
* ಫ್ಲಾಶ್ ಮೆಮೊರಿ
* ವೈ-ಫೈ
* ಡಿಜಿಟಲ್ ಕ್ಯಾಮೆರಾ