ರದ್ದಾದ ರುಜುಗಳ ಬೆಲೆ

ಬಡ್ಡಿಯನ್ನಾಗಲಿ ಲಾಭಾಂಶವನ್ನಾಗಲಿ ಇನ್ನೆಂದೆಂದಿಗೂ ತರಲಾರದ ಹಳೆಯ ಷೇರು ಪತ್ರವೊಂದನ್ನು ಅದರ ಮುಖಬೆಲೆಯ ಹಲವು ಪಟ್ಟು ಹಣ ತೆತ್ತು ಕೊಂಡು, ಗಾಜಿನ ಚೌಕಟ್ಟಿನಲ್ಲಿರಿಸಿ ಪೂಜ್ಯಭಾವದಿಂದ ಕಾಪಾಡುವ ಜನರೂ ಲೋಕದಲ್ಲಿದ್ದಾರೆಂದರೆ, ಲೇವಾದೇವಿಯಲ್ಲಿ ನುರಿತ ಯಾವ ಸಾಹುಕಾರನಾದರೂ ನಕ್ಕಾನು. ಆದರೆ ಇಂಥವರದೇ ಒಂದು ಸಂಘವು ಲಂಡನ್ನಿನಲ್ಲಿ 1978ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಇವರಲ್ಲಿ ಕೆಲವರು ಪತ್ರದ ಅಂಚಿನ ಲತಾವಿನ್ಯಾಸಕ್ಕೂ, ನಡುವೆ ಕೆತ್ತಿದ ಉಗಿಬಂಡಿಯ ಚಿತ್ರಕ್ಕೂ ಮನಸೋತವರು. ಉಳಿದವರ ಕಣ್ಣು ಪತ್ರದ ಕೆಳತುದಿಯಲ್ಲಿ ಶಾಯಿ ಮಾಸಿ ಕಂದಾಗಿರುವ ರುಜುವಿನ ಮೇಲೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಷೇರು ಪತ್ರಗಳಿಗೆ ಸಂಸ್ಥೆಯ ಅಧ್ಯಕ್ಷನೂ ಕಾರ್ಯದರ್ಶಿಯೂ ಸ್ವಹಸ್ತದಿಂದ ಅಂಕಿತ ಹಾಕುವುದು ವಾಡಿಕೆಯಾಗಿದ್ದಿತಾದ್ದರಿಂದ, ಅನಂತರ ಜಗತ್ಪ್ರಸಿದ್ಧರಾದ ಎಷ್ಟೋ ಮಂದಿ ಗುಮಾಸ್ತರಂತೆ ಕುಳಿತು ರುಜು ಮಾಡಬೇಕಾಯಿತು. 1870ರಲ್ಲಿ ಹತ್ತು ಲಕ್ಷ ಡಾಲರುಗಳ ಬಂಡವಾಳದಿಂದ ಕ್ಲೀವ್‌ಲೆಂಡಿನಲ್ಲಿ ಆರಂಭವಾದ ಸ್ಟಾಂಡರ್ಡ್ ಆಯಿಲ್ ಕಂಪನಿಯ ಪತ್ರಗಳಲ್ಲಿ ಜಾನ್ ರಾಕ್‌ಫೆಲರನ ಅಂಕಿತವಿದೆ. 1850ರಲ್ಲಿ ಹುಟ್ಟಿದ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಮೊದಲ ಕಾಲದ ಪತ್ರಗಳಲ್ಲಿ ಹೆನ್ರಿ ವೆಲ್ಸ್ ಮತ್ತು ವಿಲಿಯಂ ಫಾರ್ಗೊ ಇಬ್ಬರ ಹೆಸರುಗಳೂ ಜೊತೆಯಾಗಿ ನಿಂತಿವೆ. ಮಹಾಪುರುಷನು ಪತ್ರ ಬರೆಯುವಾಗ ಮುಂದಿನ ಪೀಳಿಗೆಯ ಓದುಗನನ್ನು ಓರೆಗಣ್ಣಿನಿಂದ ನೋಡುತ್ತಿರುತ್ತಾನೆಂಬ ಶಂಕೆ ನನಗೆ ಬಹುಕಾಲದಿಂದ ಇದೆ; ಷೇರು ಪತ್ರಕ್ಕೆ ರುಜು ಮಾಡುವವನಿಗೆ ಅಂಥ ಚಾಪಲ್ಯಕ್ಕೆ ಅವಕಾಶವಿಲ್ಲ. ಮುಂದಿನ ಕಾಗದ ಕಾದಿರುತ್ತದೆ, ಅಷ್ಟೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪಾಲುದಾರನು ತನ್ನ ಷೇರನ್ನು ಮಾರಿದಾಗ ಪತ್ರವು ಕಂಪನಿಗೆ ಮರಳುತ್ತಿತ್ತು. ಅದು ಮತ್ತೆ ಚಲಾವಣೆಗೆ ಬಾರದಂತೆ ಗುಮಾಸ್ತನು ಗೀಟು ಎಳೆದೋ, ಮೊಹರು ಒತ್ತಿಯೋ, ಎಷ್ಟೋ ವೇಳೆ ಅಧ್ಯಕ್ಷನ ರುಜುವಿನ ಮೇಲೆಯೇ ತೂತು ಹೊಡೆದೋ ರದ್ದುಪಡಿಸುತ್ತಿದ್ದನು. ಹೀಗೆ ಹೆಸರಿನ ನಡುವೆ ತೂತು ಬಿದ್ದ ಪತ್ರವನ್ನು ಕಂಡು ಸಂಗ್ರಾಹಕನು ಹಲುಬುತ್ತಾನೆ, ಬೆಲೆಯನ್ನೂ ತಗ್ಗಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಆ ತೂತು ವ್ಯವಹಾರವು ಕ್ರಮವಾಗಿ ತೀರಿತೆಂಬುದರ ಸಾಕ್ಷಿ. ಅಕ್ಷತವಾಗಿ ಉಳಿದ ಪತ್ರವಾದರೋ, ಬಹುಮಟ್ಟಿಗೆ, ಕಂಪನಿಯು ಮುಳುಗಿತೆಂದೋ ಪತ್ರವಿದ್ದವನು ಅದನ್ನು ಮರೆತನೆಂದೋ ಹೇಳುತ್ತದೆ. ಪೇಟೆಯು ತೀರಿದ ಲೆಕ್ಕಕ್ಕಿಂತ ಮುರಿದ ಮಾತಿಗೆ ಹೆಚ್ಚು ಬೆಲೆ ಕಟ್ಟಿದೆ! 1918ರಲ್ಲಿ ಬೋಲ್ಷೆವಿಕ್ ಸರ್ಕಾರವು ತ್ಸಾರರ ಕಾಲದ ಸಾಲಗಳನ್ನು ಸಾರಾಸಗಟಾಗಿ ನಿರಾಕರಿಸಿದ್ದರಿಂದಲ್ಲವೆ ರಷ್ಯದ ರೈಲ್ವೆ ಬಾಂಡುಗಳು ಕೂಪನ್ನುಗಳ ಸಮೇತ ಇಂದಿಗೂ ಸುಲಭವಾಗಿ ಸಿಗುವುದು.

ಈ ಮಾತಿಗೆ ರಾಬರ್ಟ್ ಮಾರಿಸನಿಗಿಂತ ಉತ್ತಮ ನಿದರ್ಶನ ದೊರೆಯದು. ಅಮೆರಿಕೆಯ ಸ್ವಾತಂತ್ರ್ಯ ಘೋಷಣೆ, ರಾಜ್ಯಗಳ ಒಕ್ಕೂಟದ ಕರಾರು, ಸಂವಿಧಾನ ಈ ಮೂರಕ್ಕೂ ಅಂಕಿತ ಹಾಕಿದವರು ಇಬ್ಬರೇ; ಅವರಲ್ಲಿ ಈತನೊಬ್ಬ. ಯುದ್ಧಕಾಲದಲ್ಲಿ ಹಣಕಾಸಿನ ಭಾರ ಹೊತ್ತಿದ್ದ ಈ ವರ್ತಕನ ಸ್ವಂತ ರುಜುವಿದ್ದ ಚೀಟಿಗಳು, ಕಾಂಗ್ರೆಸ್ಸಿನ ನೋಟುಗಳು ನಂಬಿಕೆ ಕಳೆದುಕೊಂಡಿದ್ದ ದಿನಗಳಲ್ಲಿ, ಹಣದಂತೆಯೇ ಚಲಾವಣೆಯಾಗುತ್ತಿದ್ದವು: ರಾಷ್ಟ್ರದ ಮಾತಿಗಿಂತ ಒಬ್ಬ ಮನುಷ್ಯನ ಮಾತು ಗಟ್ಟಿಯಾಗಿದ್ದ ಕಾಲ ಅದು. ಅಂಥವನು 1795ರಲ್ಲಿ ಇಬ್ಬರು ಜೊತೆಗಾರರೊಡನೆ ನಾರ್ತ್ ಅಮೆರಿಕನ್ ಲ್ಯಾಂಡ್ ಕಂಪನಿಯನ್ನು ಕಟ್ಟಿ, ಸುಮಾರು ಅರವತ್ತು ಲಕ್ಷ ಎಕರೆ ಕಾಡು-ಬಯಲುಗಳನ್ನು ಆಧಾರವಾಗಿಟ್ಟು, ತಾನೇ ಅಧ್ಯಕ್ಷನಾಗಿ ಷೇರು ಪತ್ರಗಳಿಗೆ ರುಜು ಮಾಡಿದನು. ಯೂರೋಪಿನಿಂದ ಕೊಳ್ಳುವವರು ಬರಲಿಲ್ಲ. ತೆರಿಗೆಯೂ ಬಡ್ಡಿಯೂ ಮಾತ್ರ ತಪ್ಪದೆ ಬಂದವು. 1798ರಲ್ಲಿ ಸಾಲಗಾರರ ಸೆರೆಮನೆಯನ್ನು ಸೇರಿದ ಮಾರಿಸನು ಅಲ್ಲಿಂದ ಹೊರಬಂದದ್ದು 1801ರಲ್ಲಿ. ನಡುವೆ ಒಂದು ದಿನ ಜಾರ್ಜ್ ವಾಷಿಂಗ್‌ಟನ್ನನು ಆ ಸೆರೆಮನೆಗೇ ಹೋಗಿ ಹಳೆಯ ಮಿತ್ರನೊಡನೆ ಕುಳಿತು ಊಟ ಮಾಡಿದನು. ಆ ಕಂಪನಿಯ ಪತ್ರಗಳು ಈಗ ಹರಾಜುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಸ್ಥಿರವಾದ ಕೈಬರಹ, ದಿವಾಳಿಯ ಸುಳಿವೂ ಅದರಲ್ಲಿಲ್ಲ.

ಕೊಳ್ಳುವವನಿಗೆ ಎಚ್ಚರವೂ ಬೇಕು. ಅಧ್ಯಕ್ಷನ ಹೆಸರನ್ನು ಕಾರ್ಯದರ್ಶಿಯೇ ಬರೆದದ್ದುಂಟು, ಅಚ್ಚಿನಲ್ಲಿ ಮೂಡಿಸಿದ ರುಜುವೂ ಉಂಟು. ಮುಂಭಾಗವನ್ನಷ್ಟೇ ನೋಡಿ ಪತ್ರವನ್ನು ಬದಿಗಿಡುವವನು ಅವಿವೇಕಿ. ಷೇರನ್ನು ಮತ್ತೊಬ್ಬರಿಗೆ ವರ್ಗಾಯಿಸುವಾಗ ಒಡೆಯನು ರುಜು ಮಾಡುತ್ತಿದ್ದದ್ದು ಬೆನ್ನಿನ ಮೇಲೆ.

ಅಚ್ಚಿನ ರುಜುವಿಗೆ ನಮ್ಮ ಜೇಬಿನ ನೋಟೇ ಉದಾಹರಣೆ. ಸಂಗ್ರಾಹಕರು ಅವನ್ನೂ ರುಜುವಿನ ಪ್ರಕಾರವೇ ವಿಂಗಡಿಸುತ್ತಾರೆ: ದಕ್ಷಿಣ ಕನ್ನಡ ಮೂಲದ ಬೆನೆಗಲ್ ರಾಮ ರಾವ್ ಅವರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದಾಗಿನವು ಒಂದು ವರ್ಗ, ಹಣಕಾಸು ಕಾರ್ಯದರ್ಶಿಯಾಗಿ ಒಂದು ರೂಪಾಯಿಯ ನೋಟಿನಲ್ಲಿಯೂ ಗವರ್ನರಾಗಿ ಮಿಕ್ಕವುಗಳಲ್ಲಿಯೂ ಹೆಸರು ಮೂಡಿಸಿದ ಮನಮೋಹನ್ ಸಿಂಗ್ ಅವರವು ಇನ್ನೊಂದು. ಆದರೆ ಲೇಖನಿ ತಾಗಿದ ಕಾಗದದ ಮುಂದೆ ಇವು ಸಪ್ಪೆಯೆಂದೇ ನನ್ನೆಣಿಕೆ. 1996ರ ಡಿಪಾಸಿಟರಿ ಕಾಯಿದೆಯಿಂದೀಚೆಗೆ ನಮ್ಮಲ್ಲಿ ಷೇರುಗಳು ಗಣಕದ ಖಾತೆಯನ್ನು ಸೇರಿದ್ದರಿಂದ, ರುಜುವಿನ ಪ್ರಶ್ನೆಯೇ ಉಳಿಯಲಿಲ್ಲ.

ತನ್ನ ರುಜುವೇ ಸರಕೆಂದು ಬಲ್ಲವನೊಬ್ಬನು ಮಾತ್ರ ಈ ಸಾಲಿನಲ್ಲಿದ್ದಾನೆ. ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂಪನು 1924ರಲ್ಲಿ, ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ ಆಡಲು ಬಂಡವಾಳ ಕೂಡಿಸುವ ನೆಪದಿಂದ, ತಲೆಗೂ ಕೆನ್ನೆಗೂ ಸಾಬೂನಿನ ನೊರೆ ಮೆತ್ತಿಕೊಂಡ ತನ್ನ ಭಾವಚಿತ್ರವನ್ನೇ ಅಂಟಿಸಿ, ತಲಾ 500 ಫ್ರಾಂಕುಗಳ ಮೂವತ್ತು ಬಾಂಡುಗಳನ್ನು ಹೊರಡಿಸಲು ಯೋಜಿಸಿದನು. ಒಂದು ರುಜು ತನ್ನದು, ಇನ್ನೊಂದು ತಾನೇ ಕಲ್ಪಿಸಿಕೊಂಡ ರೋಸ್ ಸೆಲಾವಿ ಎಂಬ ಸ್ತ್ರೀಯದು. ಅವನ ಅಂಕಿತವೊಂದೇ ಆ 500 ಫ್ರಾಂಕಿಗೆ ಮಿಗಿಲೆಂದು ಆಗಲೇ ಒಂದು ಸಾಹಿತ್ಯ ಪತ್ರಿಕೆಯು ಓದುಗರಿಗೆ ಸೂಚಿಸಿತ್ತು. ಯೋಜಿಸಿದ ಮೂವತ್ತೂ ಹೊರಬರಲಿಲ್ಲ. ಬಂದವುಗಳಲ್ಲಿ ಒಂದು, 2010ರ ನ್ಯೂಯಾರ್ಕ್ ಹರಾಜಿನಲ್ಲಿ, ಹತ್ತು ಲಕ್ಷ ಡಾಲರುಗಳನ್ನು ಮೀರಿ ಮಾರಾಟವಾಯಿತು.