ನಾಡಿ ನಿಂತಿತು, ಹೃದಯ ನಿಲ್ಲಲಿಲ್ಲ

ಮನಸ್ಸು ಮಾಡಿದರೆ ಹೃದಯವನ್ನೇ ನಿಲ್ಲಿಸಬಲ್ಲ ಯೋಗಿಗಳ ಕಥೆ ನಮ್ಮಲ್ಲಿ ಹಳೆಯದು. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ವೈದ್ಯೆ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದು, ಯೋಗಿಯೊಬ್ಬರ ಹೃದಯದ ಗೆರೆ ಹೆಚ್ಚುಕಡಿಮೆ ಸಪಾಟಾದುದನ್ನು ದಾಖಲಿಸಿದರು. ಕಥೆಗೆ ವಿಜ್ಞಾನದ ಮುದ್ರೆಯೂ ಬಿತ್ತು.

ಅದನ್ನು ಮತ್ತೆ ಅಳೆದು ನೋಡಿದವರಲ್ಲಿ ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್ ಒಬ್ಬರು. ಪವಾಡದ ಬೆನ್ನುಹತ್ತಿದವರಲ್ಲ, ಹಸಿವಿನ ಕೇಂದ್ರ ಹೈಪೊಥಲಾಮಸ್‌ನಲ್ಲಿದೆ ಎಂದು 1951ರಲ್ಲಿ ಜಾನ್ ಬ್ರೋಬೆಕ್ ಜೊತೆ ತೋರಿಸಿ ಹೆಸರಾಗಿದ್ದ ಶರೀರಕ್ರಿಯಾ ವಿಜ್ಞಾನಿ. ಅಮೆರಿಕದ ಸಂಶೋಧಕರಾದ ವೆಂಗರ್ ಮತ್ತು ಬಾಗ್ಚಿ ಜೊತೆಗೂಡಿ ಅವರು 1961ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಯೋಗಿಗಳ ಮಣಿಕಟ್ಟಿನಲ್ಲಿ ನಾಡಿ ಕೈಗೆ ಸಿಗದಂತಾದದ್ದು ನಿಜ. ಸ್ಟೆಥೋಸ್ಕೋಪಿಗೂ ಎದೆಬಡಿತ ಸರಿಯಾಗಿ ಕೇಳಲಿಲ್ಲ. ಇಸಿಜಿ ಮಾತ್ರ ಬಡಿತಗಳನ್ನು ಬರೆಯುತ್ತಲೇ ಇತ್ತು.

ಆದದ್ದಿಷ್ಟು: ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ-ಹೊಟ್ಟೆಯ ಸ್ನಾಯುಗಳನ್ನು ಬಿಗಿದರೆ ಎದೆಗೂಡಿನ ಒತ್ತಡ ಏರುತ್ತದೆ. ಮಲಬದ್ಧತೆಯಲ್ಲಿ ತಿಣುಕುವಾಗ ಆಗುವುದೂ ಇದೇ. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಪ್ರತಿ ಬಡಿತಕ್ಕೆ ಹೊರಬೀಳುವುದೂ ತೀರ ಕಡಿಮೆ. ಮಣಿಕಟ್ಟಿನವರೆಗೆ ಮಿಡಿತ ಮುಟ್ಟುವುದೇ ಇಲ್ಲ. ಸ್ನಾಯುಗಳ ಸದ್ದಿನಲ್ಲಿ ಎದೆಬಡಿತ ಮುಳುಗುತ್ತದೆ. ಸುಳ್ಳು ಎಂದು ಮೊದಲೇ ಕೈತೊಳೆದುಕೊಂಡಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಅದೇ 1961ರಲ್ಲಿ ಆನಂದ್ ಮತ್ತು ಅವರ ಸಹೋದ್ಯೋಗಿಗಳಾದ ಛೀನಾ, ಬಲದೇವ್ ಸಿಂಗ್ ಯೋಗಿಗಳ ಮೆದುಳಿನ ಇಇಜಿ ಪ್ರಕಟಿಸಿದರು. ಮಾಮೂಲಿಯಾಗಿ ಬೆಳಕೋ ಸದ್ದೋ ತಟ್ಟಿದೊಡನೆ, ನಿರಾಳವಾಗಿದ್ದಾಗ ಮೆದುಳಿನಲ್ಲಿ ಕಾಣುವ ಆಲ್ಫಾ ಅಲೆ ಮುರಿಯುತ್ತದೆ. ಧ್ಯಾನದಲ್ಲಿದ್ದ ಇಬ್ಬರಿಗೆ ಬಿಸಿ ಗಾಜಿನ ಕೊಳವೆ ಮುಟ್ಟಿಸಿದರೂ ಅದು ಮುರಿಯಲಿಲ್ಲ. ಇನ್ನಿಬ್ಬರು 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಕ್ಕಾಲು ಗಂಟೆಗೂ ಮೇಲೆ ಕೈ ಇಟ್ಟುಕೊಂಡು ಕೂತರು. ಬೆರಳೆಣಿಕೆಯ ಮಂದಿಯ ಮೇಲಿನ ಪ್ರಯೋಗವಿದು. ಇದನ್ನು ಹಿಡಿದು ಧ್ಯಾನ ಸರ್ವರೋಗಕ್ಕೂ ಮದ್ದು ಎನ್ನುವವರಿಗೆ ನನ್ನ ನಮಸ್ಕಾರ.

ಇನ್ನು ಯೋಗಿಗಳು ಮಣ್ಣಿನಡಿ ಹೂತುಹೋಗಿ ಬದುಕಿ ಬರುತ್ತಾರೆ ಎನ್ನುವ ಜೀವಂತ ಸಮಾಧಿ. ಅದನ್ನು ಪರೀಕ್ಷಿಸಲು ಆನಂದ್ ತಂಡ ರಾಮಾನಂದ ಯೋಗಿ ಎಂಬವರನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ, ಯೋಗಿ ಬಳಸುವ ಆಮ್ಲಜನಕವನ್ನು ಅಳೆಯಿತು. ಜೀವಂತ ಹೊರಬಂದದ್ದನ್ನಷ್ಟೇ ನೋಡಿದರೆ ಏನೂ ಸಾಬೀತಾಗದು. ಸುಮ್ಮನೆ ಮಲಗಿದ ಮನುಷ್ಯನಿಗೆ ಗಂಟೆಗೆ ಸುಮಾರು 15 ಲೀಟರ್ ಆಮ್ಲಜನಕ ಸಾಕು. ಪೆಟ್ಟಿಗೆಯಲ್ಲಿ 2 ಘನಮೀಟರ್ ಗಾಳಿ ಇದ್ದರೆ ಅದರಲ್ಲಿ ಆಮ್ಲಜನಕವೇ 400 ಲೀಟರಿಗೂ ಹೆಚ್ಚಿರುತ್ತದೆ. ಇಂಗಾಲದ ಡೈಆಕ್ಸೈಡ್ ಕಾಡತೊಡಗುವ ಮುನ್ನ ಯಾರಾದರೂ ಕೆಲವು ಗಂಟೆ ಕಳೆಯಬಹುದು. ರಾಮಾನಂದರ ಬಳಕೆ ಮಾತ್ರ ಅವರದೇ ವಿಶ್ರಾಂತಿಯ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿತ್ತು.