ಕಷ್ಟವನ್ನು ಹೇಳಿಕೊಂಡವರು

“ಕಷ್ಟ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದೆಯೆ?” ಎಂಬುದು ನಮ್ಮ ಹಿರಿಯರು ಆಡುತ್ತ ಬಂದಿರುವ ಮಾತು. ನೊಂದವರ ಮನೆಗೆ ಹೋದವರು ಜಗಲಿಯ ಮೇಲೆ ಕುಳಿತು ಮೊದಲು ಆಡುವುದೂ ಇದನ್ನೇ, ಏಳುವಾಗ ಆಡುವುದೂ ಇದನ್ನೇ. ಈ ಮಾತಿನಲ್ಲಿ ಸಾಂತ್ವನವುಂಟು, ಸಂದೇಹವಿಲ್ಲ. ಆದರೆ ಅದರೊಳಗೆ ಒಂದು ಸಣ್ಣ ಅವಸರವೂ ಅಡಗಿದೆ. ಹೇಳಿಕೊಂಡಿದ್ದು ಸಾಕು, ಇನ್ನು ಮುಂದಿನ ಕೆಲಸ ನೋಡು ಎಂಬ ಸೂಚನೆ ಅದು. ಕಷ್ಟವನ್ನು ಸಹಿಸುವುದಕ್ಕೆ ನಮ್ಮ ಸಮಾಜ ಕೊಟ್ಟಷ್ಟು ಮರ್ಯಾದೆಯನ್ನು ಕಷ್ಟವನ್ನು ಹೇಳಿಕೊಳ್ಳುವುದಕ್ಕೆ ಕೊಟ್ಟಿಲ್ಲ. ಹೇಳಿಕೊಳ್ಳುವವನು ಅಳುಬುರುಕ; ನುಂಗಿಕೊಂಡವನು ಧೀರ.

ಇದಕ್ಕೆ ಪ್ರತಿಯಾಗಿ ಈಚೆಗೆ ಮತ್ತೊಂದು ವಾಡಿಕೆ ಬೆಳೆದಿದೆ. ಸಂಕಟವನ್ನು ಗೆದ್ದವರ ಕಥೆಗಳನ್ನು ಸಭೆಗಳಲ್ಲಿ ಹೇಳಿಸಿ, ಚಪ್ಪಾಳೆ ತಟ್ಟಿ, “ಸಂಕಟವೇ ಗುರು” ಎಂಬ ನೀತಿಯನ್ನು ಹಿಂಡಿಕೊಂಡು ಎದ್ದುಹೋಗುವ ವಾಡಿಕೆ. ಮೊದಲಿನದು ಕಥೆಯನ್ನು ಕೇಳದೆ ಇರುವ ದಾರಿ. ಎರಡನೆಯದು ಕೇಳಿಯೂ ಕೇಳದಂತೆ ಇರುವ ದಾರಿ. ಇಪ್ಪತ್ತು ವರ್ಷಗಳ ಹತ್ತಿರ ಆತ್ಮಕಥೆಗಳನ್ನು ಪಾಠ ಹೇಳುತ್ತ ಬಂದಿರುವ ನನಗೆ, ಸಂಕಟವು ನಿಜವಾಗಿಯೂ ಗುರುವೆ ಎಂಬ ಪ್ರಶ್ನೆಯನ್ನು ಕೆಲವು ಬಾಳುಗಳ ಇದಿರಿಗೆ ಇಟ್ಟು ನೋಡಬೇಕೆನಿಸಿದೆ.

ಮೊದಲು ಬಂಗಾಳದ ಒಂದು ಅಡುಗೆಮನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ರಾಸಸುಂದರಿ ದೇವಿ ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ದೊಡ್ಡ ಸಂಸಾರವೊಂದಕ್ಕೆ ಸೊಸೆಯಾಗಿ ಬಂದವರು. ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಕಣ್ಣೆದುರಿಗೇ ಕಳೆದುಕೊಂಡವರು. ಹೆಂಗಸು ಅಕ್ಷರ ಕಲಿತರೆ ಕೇಡೆಂದು ನಂಬಿದ್ದ ಕಾಲವದು. ಅವರು ಚೈತನ್ಯ ಭಾಗವತದ ಒಂದು ಹಾಳೆಯನ್ನು ಗುಟ್ಟಾಗಿ ತೆಗೆದಿಟ್ಟುಕೊಂಡರು. ಮಗ ಅಕ್ಷರ ತಿದ್ದುತ್ತಿದ್ದ ತಾಳೆಯೋಲೆಯೊಂದನ್ನೂ ಬಚ್ಚಿಟ್ಟರು. ಒಂದರ ಅಕ್ಷರವನ್ನು ಇನ್ನೊಂದರ ಅಕ್ಷರದೊಡನೆ ಹೋಲಿಸಿ ನೋಡುತ್ತ, ಮನೆಗೆಲಸದ ನಡುನಡುವೆ, ತಮ್ಮಷ್ಟಕ್ಕೆ ತಾವೇ ಓದು ಕಲಿತರು. ಮುಂದೆ ಅವರು ಬರೆದ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆಯೆಂದು ಹೆಸರಾಯಿತು. ಆ ಹೆಸರಿನ ಅರ್ಥ ‘ನನ್ನ ಬಾಳು’ ಎಂದಷ್ಟೆ. ಒಬ್ಬ ಗೃಹಿಣಿ ‘ನನ್ನ’ ಎಂಬ ಮಾತನ್ನು ಹೊತ್ತಿಗೆಯ ಮೇಲೆ ಇಡುವುದಕ್ಕೆ ಅಷ್ಟು ವರ್ಷ ಬೇಕಾಯಿತು.

ಆದರೆ ಹೇಳಿದ ಕಥೆ ಬೇರೆಯವರ ಬಾಳಿಗೆ ಆಸರೆಯಾಗುವ ಬಗೆಯನ್ನು ಅರಿಯಬೇಕಾದರೆ ಪಂಡಿತಾ ರಮಾಬಾಯಿಯವರ ಬಳಿಗೆ ಬರಬೇಕು. ಅವರ ಕಾರ್ಯಕ್ಷೇತ್ರ ಮಹಾರಾಷ್ಟ್ರವಾದರೂ ಹುಟ್ಟಿದ ನೆಲ ನಮ್ಮದು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ ಅವರ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬುದು ಅವರ ಮೇಲಿದ್ದ ದೂರು. ಉಡುಪಿಯಲ್ಲಿ ವಿದ್ವಾಂಸರ ಇದಿರಿಗೆ ನಿಂತು, ಹೆಣ್ಣಿಗೆ ಓದು ಸಲ್ಲುತ್ತದೆಂದು ಶಾಸ್ತ್ರಗಳಿಂದಲೇ ಅವರು ಸಮರ್ಥಿಸಬೇಕಾಯಿತು. ಮಗು ಹುಟ್ಟಿ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸು ಬೆತ್ತದ ಬುಟ್ಟಿಯಲ್ಲಿ ಮಲಗಿ ಆಳಿನ ತಲೆಯ ಮೇಲೆ ಸಾಗಿತು. ಮುಂದೆ ಆ ಹುಡುಗಿಗೆ ನೆಲೆಯೆಂಬುದು ದಾರಿಯೇ, ಶಾಲೆಯೆಂಬುದು ತಾಯಿಯ ಬಾಯಿಯೇ. ನಸುಕಿನಲ್ಲಿ ತಾಯಿ ಹೇಳಿಕೊಟ್ಟ ಭಾಗವತದ ಸಾವಿರಾರು ಶ್ಲೋಕಗಳು ಅವಳಿಗೆ ಬಾಯಿಪಾಠವಾದವು. ಪುರಾಣವನ್ನು ಓದಿ ಹೇಳಿ ಅದರಿಂದ ದೊರೆತ ದಕ್ಷಿಣೆಯಿಂದಲೇ ಸಂಸಾರ ಸಾಗುತ್ತಿತ್ತು.

1870ರ ದಶಕದ ಕ್ಷಾಮ ಈ ಸಂಸಾರವನ್ನು ತಿಂದಿತು. ಕೈಯಲ್ಲಿದ್ದುದೆಲ್ಲ ಮುಗಿಯಿತು. ದುಡಿದು ಗೊತ್ತಿಲ್ಲದ, ಬೇಡಲು ಬಾಯಿ ಬಾರದ ಜನ. ಕಾಡಿನಲ್ಲಿ ಎಲೆ ತಿಂದು, ನೀರು ಕುಡಿದು, ಒಂದು ಹಿಡಿ ಕಾಡು ಖರ್ಜೂರದಲ್ಲಿ ದಿನ ತಳ್ಳಿದ ಕಥೆಯನ್ನು ರಮಾಬಾಯಿಯವರೇ ಹೇಳಿಕೊಂಡಿದ್ದಾರೆ. 1874ರಲ್ಲಿ ತಂದೆ ಹೋದರು, ಬೆನ್ನಿಗೇ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ. ತಾಯಿಯ ಶವವನ್ನು ಹೊರಲು ಜನ ದೊರೆಯಲಿಲ್ಲ. ಇಬ್ಬರು ಕನಿಕರಪಟ್ಟು ಬಂದಾಗ, ನಾಲ್ಕನೆಯ ಹೆಗಲಾಗಿ ಹದಿಹರೆಯದ ಮಗಳೇ ನಿಲ್ಲಬೇಕಾಯಿತು. ಅವಳು ಗಿಡ್ಡಳಾದ್ದರಿಂದ ಚಟ್ಟ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತುಕೊಂಡಳು. ಇಂಥ ವಿವರವನ್ನು ಯಾವ ಕವಿಯೂ ಕಲ್ಪಿಸಲಾರ; ಹೊತ್ತವರು ಮಾತ್ರ ಹೇಳಬಲ್ಲರು.

ಉಳಿದ ಅಣ್ಣ ತಂಗಿ ಇಬ್ಬರೂ ಕಾಶ್ಮೀರದವರೆಗೂ ನಡೆದು ತಿರುಗಿ, 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಆ ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತವನ್ನು ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ಬಿರುದು ಬಂತೆಂದು ವಿಧಿ ಸುಮ್ಮನಾಗಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ; ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲರೊಬ್ಬರನ್ನು ಅವರು ಮದುವೆಯಾದರು; 1882ರ ಆರಂಭದಲ್ಲಿ ಅವರೂ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ವರ್ಷ ತುಂಬದ ಹೆಣ್ಣುಕೂಸು, ವಯಸ್ಸು ಇಪ್ಪತ್ತಮೂರು.

ಇಲ್ಲಿಂದ ಮುಂದಿನದು ಪ್ರಸಿದ್ಧವಾದ ಇತಿಹಾಸ. ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ; ಅದೇ ವರ್ಷ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರೂ ವೈದ್ಯರೂ ಬೇಕೆಂಬ ಸಾಕ್ಷ್ಯ; ಇಂಗ್ಲೆಂಡಿನಲ್ಲಿ ಓದು, ಅಲ್ಲಿ ಕ್ರೈಸ್ತಮತ ಸ್ವೀಕಾರ; ಅಮೆರಿಕೆಯಲ್ಲಿ ಉಪನ್ಯಾಸಗಳು; 1887ರಲ್ಲಿ ಹಿಂದೂ ಮೇಲುಜಾತಿಯ ಹೆಂಗಸಿನ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ಆ ಪುಸ್ತಕದಿಂದಲೂ ಉಪನ್ಯಾಸಗಳಿಂದಲೂ ಕೂಡಿದ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಅಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯನ್ನೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದದ್ದು. ಮತಾಂತರದ ವಿಚಾರವಾಗಿ ಸದನದ ಸುತ್ತ ಎದ್ದ ವಿವಾದವೂ ಸಣ್ಣದಲ್ಲ. ಅದರ ಚರ್ಚೆ ಇಲ್ಲಿ ಬೇಡ.

ನಾನು ವಾಚಕರ ಗಮನಕ್ಕೆ ತರಬಯಸುವುದು 1896–97ರ ಸಂಗತಿಯನ್ನು. ಮಧ್ಯಪ್ರಾಂತದಲ್ಲಿ ಮತ್ತೆ ಕ್ಷಾಮ ಬಿತ್ತು. ರಮಾಬಾಯಿಯವರು ಹೊರಟು ನಿಂತರು. ಆಗ ಅವರು ತಮ್ಮ ಇಪ್ಪತ್ತು ವರ್ಷದ ಹಿಂದಿನ ಹಸಿವನ್ನು ನೆನೆದು ಬರೆದರು. ಹಸಿವೆಂದರೇನೆಂದು ಬಲ್ಲ ತಾನು ಮನೆಯಲ್ಲಿ ಕೂಡಲಾರೆನೆಂಬುದು ಆ ಬರಹದ ಹುರುಳು. ಅನಾಥ ಹುಡುಗಿಯರನ್ನು ನೂರುಗಟ್ಟಲೆಯಾಗಿ ಕರೆತಂದರು. ಪುಣೆಯ ಬಳಿಯ ಕೇಡಗಾಂವದಲ್ಲಿ ‘ಮುಕ್ತಿ’ ಬೆಳೆದು, 1900ರ ಹೊತ್ತಿಗೆ ಸಾವಿರಕ್ಕೂ ಮಿಕ್ಕ ಹೆಂಗಸರೂ ಮಕ್ಕಳೂ ಅಲ್ಲಿ ನೆಲೆ ಕಂಡರು. ನೇಯ್ಗೆ, ಹೈನು, ಒಕ್ಕಲುತನ, ಅಚ್ಚುಕೂಟದ ಕೆಲಸ, ಎಲ್ಲವನ್ನೂ ಹೆಂಗಸರೇ ಮಾಡಿದರು. ಮಗಳು ಮನೋರಮಾ 1910ರ ದಶಕದಲ್ಲಿ ಅಂದು ನಿಜಾಮರ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. ಕಾಡಿನಿಂದ ಬುಟ್ಟಿಯಲ್ಲಿ ಹೊರಟ ವಿದ್ಯೆ ಹೀಗೆ ಕನ್ನಡ ನಾಡಿಗೆ ಒಂದು ಸಲ ಮರಳಿ ಬಂತು. 1921ರಲ್ಲಿ ಆ ಮಗಳೂ ತೀರಿಕೊಂಡಳು, ಮರುವರ್ಷ ತಾಯಿ.

ಈಗ ಕೇಳೋಣ: ಇಲ್ಲಿ ಗುರುವಾದದ್ದು ಸಂಕಟವೆ? ಅದೇ ಕ್ಷಾಮ ತಂದೆಯನ್ನು, ತಾಯಿಯನ್ನು, ಅಕ್ಕನನ್ನು ಕೊಂದಿತು; ಅವರಿಗೆ ಅದು ಏನನ್ನೂ ಕಲಿಸಲಿಲ್ಲ. ಅದೇ ವರ್ಷಗಳಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಹಸಿವಿಗೆ ಬೋಧಕಶಕ್ತಿಯಿದ್ದಿದ್ದರೆ ಈ ನಾಡು ಜ್ಞಾನಿಗಳಿಂದ ತುಂಬಿಹೋಗಬೇಕಾಗಿತ್ತು. ರಮಾಬಾಯಿಯವರನ್ನು ಎತ್ತಿ ನಿಲ್ಲಿಸಿದ್ದು ತಾಯಿ ನಸುಕಿನಲ್ಲಿ ಕೊಟ್ಟ ವಿದ್ಯೆ, ಕಲ್ಕತ್ತೆಯಲ್ಲಿ ಕೇಳಲು ಸಿದ್ಧರಾಗಿ ಕುಳಿತಿದ್ದ ಸಭೆ, ಮತ್ತು ತನ್ನ ಕಥೆ ತನಗಾಗಿ ಮಾತ್ರವಲ್ಲವೆಂಬ ಅವರದೇ ನಿಶ್ಚಯ. ಸಂಕಟ ಕೊಟ್ಟದ್ದು ಗಾಯವನ್ನು ಮಾತ್ರ. ಅದನ್ನು ಉದ್ದೇಶವನ್ನಾಗಿ ಮಾಡಿದ್ದು ಮನುಷ್ಯಪ್ರಯತ್ನ.

ಇನ್ನು ನಮ್ಮ ಕಾಲಕ್ಕೆ ಬರುತ್ತೇನೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಓದಿದವರು ಅದರ ಆರಂಭದ ಒಂದು ಚಿತ್ರವನ್ನು ಮರೆಯಲಾರರು. ಹೊಲದಲ್ಲಿ ಉಳುಮೆ ನಡೆದಿದೆ. ಒಬ್ಬ ನೇಗಿಲು ಹಿಡಿದಿದ್ದಾನೆ. ಎತ್ತುಗಳ ಜಾಗದಲ್ಲಿ ನೊಗ ಹೊತ್ತವರು ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬ ನೋಡುತ್ತಿರುವ ಹುಡುಗನ ತಂದೆ. ಇಷ್ಟು ಹೇಳಿದ ಮೇಲೆ ಲೇಖಕನಿಗೆ ಕೂಗಾಡುವ ಹಕ್ಕಿದೆ. ಆದರೆ ಆ ಪುಸ್ತಕ ಮುಂದೆ ಸಾಗುವುದು ನಗೆಯ ಮೇಲೆ. ಬೆಂಗಳೂರಿನ ಕೊಳೆಗೇರಿ, ವಿದ್ಯಾರ್ಥಿನಿಲಯದ ಹಸಿವು, ಸ್ಮಶಾನದಲ್ಲಿ ಕಳೆದ ಹೊತ್ತು, ಎಲ್ಲವೂ ಒಂದು ತುಂಟನಗೆಯ ಬೆಳಕಿನಲ್ಲಿ ಬರುತ್ತವೆ. ಈ ನಗೆಯಲ್ಲಿರುವುದು ಬಡವರ ಶಕ್ತಿಯೆಂದು ವಿಮರ್ಶಕ ಡಿ. ಆರ್. ನಾಗರಾಜ್ ಗುರುತಿಸಿದರು. ಅದು ಮರೆವಿನ ನಗೆಯಲ್ಲ. ಓದುಗನ ಕನಿಕರ ಬೇಡವೆನ್ನುವ ನಗೆ. ಕನಿಕರಪಡುವವನು ಎತ್ತರದಲ್ಲಿ ನಿಂತಿರುತ್ತಾನೆ. ಜೊತೆಗೆ ನಗುವವನು ಪಕ್ಕಕ್ಕೆ ಬಂದು ಕುಳಿತುಕೊಳ್ಳಬೇಕಾಗುತ್ತದೆ.

ಹೇಳುವವರಿದ್ದರೂ ಕೇಳುವವರಿಲ್ಲದಿದ್ದರೆ ಏನಾಗುತ್ತದೆ? ನಂಜನಗೂಡು ತಿರುಮಲಾಂಬಾ ಇದಕ್ಕೆ ಉತ್ತರ. 1887ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಮದುವೆಯಾಗಿ, ಹದಿನಾಲ್ಕರ ವಯಸ್ಸಿಗೆ ವಿಧವೆಯಾದವರು. ತಂದೆಯ ಆಸರೆಯಲ್ಲಿ ಓದಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಹೆಂಗಸರಿಗಾಗಿ ‘ಕರ್ನಾಟಕ ನಂದಿನಿ’, ಮಕ್ಕಳಿಗಾಗಿ ‘ಸನ್ಮಾರ್ಗದರ್ಶಿನಿ’ ನಡೆಸಿದರು. ವಿಧವೆಗೆ ಮೂಲೆಯೇ ಗತಿಯೆಂದಿದ್ದ ದಿನಗಳಲ್ಲಿ ಬರೆದು, ಅಚ್ಚು ಮಾಡಿಸಿ, ಅಂಚೆಗೆ ಹಾಕಿ ನಾಡಿನ ಮನೆಮನೆಯ ಹೆಂಗಸರೊಡನೆ ಮಾತಾಡಿದ ಸಾಹಸವದು. ಆದರೂ ಅವರ ಬಾಳಿನ ಉತ್ತರಾರ್ಧದಲ್ಲಿ ಕನ್ನಡ ಸಾಹಿತ್ಯಲೋಕ ಅವರನ್ನು ಬಹುಕಾಲ ಮರೆತುಬಿಟ್ಟಿತ್ತು. 1982ರಲ್ಲಿ ಅವರು ತೀರಿಕೊಂಡರು. ವಿಜಯಾ ದಬ್ಬೆಯವರಂಥ ಲೇಖಕಿಯರು ಅವರ ಹೆಜ್ಜೆಗಳನ್ನು ಹುಡುಕಿ ತೆಗೆದ ಮೇಲೆಯೇ ನಮ್ಮ ತರಗತಿಗಳಲ್ಲಿ ಅವರ ಹೆಸರು ಮತ್ತೆ ಕೇಳಿಬಂದದ್ದು. ಬಾಳು ಒಡ್ಡಿದ ಕಷ್ಟವನ್ನು ಆಕೆ ಗೆದ್ದರು. ನಮ್ಮ ಮರೆವನ್ನು ಗೆಲ್ಲಲು ಬೇರೆಯವರು ಬರಬೇಕಾಯಿತು.

ಇಂಥ ಪಾಠಗಳಾದ ಮೇಲೆ ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕದಲ್ಲಿ “ಕಷ್ಟಪಟ್ಟರೆ ಫಲವುಂಟು” ಎಂದು ಬರೆದುಕೊಳ್ಳುವುದನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಪರೀಕ್ಷೆಗೆ ಅದು ಸಾಲುತ್ತದೆ. ಒಂದು ವರ್ಷ ಮಾತ್ರ, ಎಂದೂ ಮಾತಾಡದ ಹುಡುಗನೊಬ್ಬ ತರಗತಿ ಮುಗಿದ ಮೇಲೆ ನಿಂತು ಕೇಳಿದ: “ನನಗಿಂತ ನನ್ನ ಅಕ್ಕ ಜಾಣೆ, ಸಾರ್. ಏಳನೆಯ ತರಗತಿಗೆ ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದರು. ಅವಳೂ ಕಷ್ಟಪಟ್ಟಳು. ಅವಳ ಕಷ್ಟದಿಂದ ನಾನು ಓದಿದೆ. ಹಾಗಾದರೆ ಆ ಫಲ ಯಾರದು?” ನನ್ನ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಅಕ್ಕನ ಮಾತುಗಳನ್ನು ಅವಳು ಆಡಿದ ಹಾಗೆಯೇ ಬರೆದು ತರುವಂತೆ ಹೇಳಿದೆ. ಅವನು ಬರೆದು ತಂದ ನಾಲ್ಕು ಪುಟಗಳಲ್ಲಿ ನೀತಿಯೆಂಬುದು ಒಂದೂ ಇರಲಿಲ್ಲ. ಊದುಬತ್ತಿ ಹೊಸೆಯುವಾಗ ಅಂಗೈ ಕಪ್ಪಾಗುವುದು, ಸಾವಿರಕ್ಕೆ ಎಷ್ಟು ಕೂಲಿ, ತಮ್ಮನ ಪುಸ್ತಕಕ್ಕೆ ರಟ್ಟು ಹಾಕುವಾಗ ಅದನ್ನು ಕದ್ದು ಓದಿದ್ದು, ಇಷ್ಟೇ ಇದ್ದವು. ಆ ವರ್ಷ ನಾನು ತಿದ್ದಿದ ಬರಹಗಳಲ್ಲಿ ಕೆಂಪು ಶಾಯಿ ತಾಗಿಸದೆ ಹಿಂದಿರುಗಿಸಿದ್ದು ಅದೊಂದನ್ನೇ.

ಆತ್ಮಕಥೆಯನ್ನು ಓದುವವರಿಗೆ ಒಂದು ಹೊಣೆಯುಂಟೆಂದು ಅಂದಿನಿಂದ ನನಗೆ ದೃಢವಾಗಿ ತೋರಿದೆ. ಗೆದ್ದವರ ಕಥೆಯನ್ನು ಓದುವಾಗ ಅದರಲ್ಲಿ ಒಂದೆರಡು ಸಾಲಿಗೆ ಮಾತ್ರ ಬಂದು ಹೋಗುವವರನ್ನು ನಾವು ನಿಲ್ಲಿಸಿ ನೋಡಬೇಕು. ಅವರೇಕೆ ಹೇಳಲಿಲ್ಲ, ಯಾರು ಕಲಿಸಿದ್ದರೆ, ಯಾರು ಕೇಳಿದ್ದರೆ ಹೇಳುತ್ತಿದ್ದರು ಎಂದು ವಿಚಾರಿಸಬೇಕು. ಸಂಕಟವನ್ನು ಹೊಗಳುವುದು ಸುಲಭ, ಅದಕ್ಕೆ ಖರ್ಚಿಲ್ಲ. ಒಂದು ಅಕ್ಷರ, ಒಂದು ಅನ್ನ, ಕೇಳುವ ಒಂದು ಕಿವಿ, ಇವನ್ನು ಒದಗಿಸುವುದು ಖರ್ಚಿನ ಕೆಲಸ.

ಪಂಡಿತಾ ರಮಾಬಾಯಿಯವರ ಅಕ್ಕ ಕೃಷ್ಣಾಬಾಯಿಯೂ ಅದೇ ದಾರಿ ನಡೆದವಳು, ಅದೇ ಎಲೆ ತಿಂದವಳು. ಅವಳು ತನ್ನ ಕಥೆಯನ್ನು ತಾನೇ ಹೇಳಲು ಉಳಿಯಲಿಲ್ಲ. ತಂಗಿ ಹೇಳಿದ ಕಥೆಯಲ್ಲಿ ಕೆಲವೇ ಸಾಲು ಅವಳ ಪಾಲಿಗೆ ಬಂದಿದೆ.